ಕೆನ್ನೆಯ ಕಲೆಯೇ ಹೆಸರಾದ ಮಾಸ್ತರ

(ರಾಯಚೂರಿನಲ್ಲಿ ಕಿವುಡ ಮಕ್ಕಳ ಪಾಲಕರು, ಶಿಕ್ಷಕರು ಮತ್ತು ಕೆಲವು ಹಿರಿಯ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟ ಹಾಗೇ ಇರಲಿ ಎಂದು ಹೆಚ್ಚು ತಿದ್ದಲು ಹೋಗಿಲ್ಲ.)

ಎಲ್ಲರಿಗೂ ಶರಣು.

ನಾನು ಇವತ್ತು ಹೇಳಹೊರಟಿರುವುದು ಒಬ್ಬ ಮಾಸ್ತರನ ಕಥೆ. ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಮಣ್ಣಾದವ. ಹೆಸರು ಲೋರಾಂ ಕ್ಲೇರ್. ಇದು ಫ್ರೆಂಚರು ಕರೆಯುವ ರೀತಿ, ಅಮೆರಿಕದವರ ಬಾಯಲ್ಲಿ ಅದು ಲಾರೆಂಟ್ ಕ್ಲರ್ಕ್. ಯಾವುದು ಸರಿ ಎಂದು ನಾವು ತಲೆ ಕೆಡಿಸಿಕೊಳ್ಳುವುದು ಬೇಡ, ಆತ ಎರಡನ್ನೂ ಕಿವಿಯಾರೆ ಕೇಳಿದವನಲ್ಲ. ಆತನನ್ನು ಬಲ್ಲವರು ಕರೆಯುತ್ತಿದ್ದ ಹೆಸರು ಇದು: ತೋರುಬೆರಳು, ನಡುಬೆರಳು ಜೋಡಿಸಿ ಬಲಗೆನ್ನೆಯ ಮೇಲೆ ಕೆಳಗಿನವರೆಗೆ ಒಮ್ಮೆ ಸವರುವುದು. (ಇಲ್ಲಿ ನಾನು ಮಾಡಿ ತೋರಿಸಿದೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗರು ಅದನ್ನೇ ನನಗಿಂತ ಚೆಂದ ಮಾಡಿದರು.) ಎರಡು ಶತಮಾನ ದಾಟಿದರೂ ಅಮೆರಿಕದ ಕಿವುಡರು ಆತನ ಹೆಸರು ಹೇಳುವುದು ಹೀಗೆಯೇ.

ಆ ಸನ್ನೆಯ ಹಿಂದೆ ಒಂದು ಸುಟ್ಟಗಾಯ ಇದೆ. ಕ್ಲೇರ್ ಹುಟ್ಟಿದ್ದು 1785ರ ಡಿಸೆಂಬರ್ 26ರಂದು, ಲಿಯಾನ್ ನಗರದ ಆಚೆ ರೋನ್ ನದಿಯ ಮಗ್ಗುಲಿನ ಲಾ ಬಾಲ್ಮ್ ಎಂಬ ಹಳ್ಳಿಯಲ್ಲಿ. ಆ ಹೊತ್ತಿಗೆ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಆಳುತ್ತಿದ್ದ, ನಮ್ಮ ರಾಯಚೂರು ನಿಜಾಮರ ಕೈಯಲ್ಲಿತ್ತು. ತಂದೆ ನೋಟರಿ, ಊರಿನ ಮೇಯರ್ ಕೂಡ. ಅನುಕೂಲಸ್ಥ ಮನೆ. ಒಂದು ವರ್ಷದ ಕೂಸಿದ್ದಾಗ ಕುರ್ಚಿಯಿಂದ ಉರುಳಿ ಅಡುಗೆಮನೆಯ ಒಲೆಗೆ ಬಿದ್ದ. ಬಲಗೆನ್ನೆ ಸುಟ್ಟಿತು. ಕಿವಿ ಕೇಳದಾಯಿತು, ಮೂಗಿಗೆ ವಾಸನೆ ತಿಳಿಯದಾಯಿತು. ಬಿದ್ದದ್ದರಿಂದಲೇ ಕಿವಿ ಹೋಯಿತೋ, ಹುಟ್ಟಿನಿಂದಲೇ ಇರಲಿಲ್ಲವೋ ಎಂಬುದನ್ನು ದೊಡ್ಡವನಾದ ಮೇಲೆ ಆತನೂ ಖಚಿತವಾಗಿ ಹೇಳುತ್ತಿರಲಿಲ್ಲ. ಏಳನೇ ವಯಸ್ಸಿನಲ್ಲಿ ತಾಯಿ ಲಿಯಾನ್‌ಗೆ ಕರೆದೊಯ್ದು ವೈದ್ಯರೊಬ್ಬರಿಂದ ಕಿವಿಗೆ ದ್ರವ ಹಾಕಿಸಿದಳು. ನೋವಾಯಿತೇ ವಿನಾ ಫಲ ಸಿಗಲಿಲ್ಲ.

ಆಮೇಲೆ ಹನ್ನೆರಡನೇ ವಯಸ್ಸಿನವರೆಗೆ ಹುಡುಗ ಏನು ಮಾಡುತ್ತಿದ್ದ? ತಾಯಿಯ ಟರ್ಕಿ ಕೋಳಿಗಳನ್ನು ಹೊಲಕ್ಕೆ ಹೊಡೆಯುತ್ತಿದ್ದ, ಹಸು ಮೇಯಿಸುತ್ತಿದ್ದ, ತಂದೆಯ ಕುದುರೆಗೆ ನೀರು ಕುಡಿಸಿ ತರುತ್ತಿದ್ದ. ಒಂದು ಅಕ್ಷರ ಬರೆಯಲಿಕ್ಕೂ ಯಾರೂ ಕಲಿಸಲಿಲ್ಲ. ಇಲ್ಲಿ ಕುಳಿತವರಿಗೆ ಈ ಭಾಗ ವಿವರಿಸಬೇಕಾಗಿಲ್ಲ. ಲಿಂಗಸುಗೂರು, ದೇವದುರ್ಗ, ಕುಷ್ಟಗಿ ಕಡೆ ಹಳ್ಳಿಗೆ ಹೋಗಿ ನೋಡಿ. "ಅವಗ ಕಿವಿ ಕೇಳಂಗಿಲ್ರಿ, ಕುರಿ ಹಿಂದ ಹೋಗ್ತಾನ" ಎನ್ನುವ ಮಾತು ಈಗಲೂ ಕಿವಿಗೆ ಬೀಳುತ್ತದೆ. ಹಾಗೆ ಹೇಳುವವರು ಕೆಟ್ಟವರಲ್ಲ. ಮಗ ಕಣ್ಣ ಮುಂದೆ ಇರಲಿ, ಹೊಟ್ಟೆಗೆ ಕಡಿಮೆಯಾಗದಿರಲಿ ಎಂದಷ್ಟೇ ನೋಡುತ್ತಾರೆ. ಕ್ಲೇರ್‌ನ ತಾಯಿತಂದೆಯೂ ಹಾಗೆಯೇ ಇದ್ದವರು. ಮೇಯರ್ ಮಗನಿಗೇ ಆ ಗತಿಯಾಗಿತ್ತು.

1797ರಲ್ಲಿ ಹತ್ತಿರದ ಸಂಬಂಧಿಕನೊಬ್ಬ ಆತನನ್ನು ಪ್ಯಾರಿಸ್ಸಿಗೆ ಒಯ್ದು ಕಿವುಡ ಮಕ್ಕಳ ಶಾಲೆಗೆ ಸೇರಿಸಿದ. ಆ ಶಾಲೆಯ ಮೂಲ ಹೇಳದೆ ಮುಂದೆ ಹೋಗುವಂತಿಲ್ಲ. 1760ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಶಾರ್ಲ್ ಮಿಶೆಲ್ ದ ಲೆಪೆ ಎಂಬ ಪಾದ್ರಿ ಕಿವುಡ ಅಕ್ಕತಂಗಿಯರಿಬ್ಬರಿಗೆ ಪಾಠ ಹೇಳಲು ತೊಡಗಿದ. ಕಿವುಡರಿಗೆ ಬುದ್ಧಿ ಇಲ್ಲ ಎಂದು ಲೋಕವೆಲ್ಲ ನಂಬಿದ್ದ ಕಾಲ. ಅಲ್ಲಲ್ಲಿ ಶ್ರೀಮಂತರ ಮಕ್ಕಳಿಗೆ ಗುಟ್ಟಾಗಿ ಮಾತು ಕಲಿಸುವ ಮಾಸ್ತರರು ಇದ್ದರು, ಅವರದು ಮನೆತನದ ವಿದ್ಯೆ, ಹೊರಗೆ ಹೇಳುತ್ತಿರಲಿಲ್ಲ. ಲೆಪೆ ಬಾಗಿಲು ತೆರೆದಿಟ್ಟ. ಬಡವರ ಮಕ್ಕಳನ್ನೂ ಸೇರಿಸಿಕೊಂಡ, ನೋಡಲು ಬಂದವರಿಗೆಲ್ಲ ಪಾಠ ತೋರಿಸಿದ. ಮಕ್ಕಳು ತಮ್ಮತಮ್ಮಲ್ಲಿ ಮಾಡುತ್ತಿದ್ದ ಸನ್ನೆಯನ್ನು ಮೊದಲು ತಾನು ಕಲಿತ, ಆಮೇಲೆ ಅದರ ಮೇಲೆ ಫ್ರೆಂಚ್ ವ್ಯಾಕರಣ ಹೇರಲು ಹೋದ. ಹೇರಿದ್ದು ಅಷ್ಟಾಗಿ ನಿಲ್ಲಲಿಲ್ಲ, ಅದು ಬೇರೆ ಮಾತು. 1789ರಲ್ಲಿ ಆತ ತೀರಿಕೊಂಡ ಮೇಲೆ ಸಿಕಾರ್ ಎಂಬ ಪಾದ್ರಿ ಶಾಲೆಯ ಮುಖ್ಯಸ್ಥನಾದ. ಸಿಕಾರ್‌ನ ಜೊತೆ ಅಲ್ಲಿಗೆ ಬಂದವ ಜಾಂ ಮಾಸ್ಯೂ. ಒಡಹುಟ್ಟಿದವರೆಲ್ಲ ಕಿವುಡರೇ ಆಗಿದ್ದ ಬಡ ಮನೆಯ ಹುಡುಗ, ತಾನೂ ಕಿವುಡ. ಕಲಿತು ಅದೇ ಶಾಲೆಯಲ್ಲಿ ಮಾಸ್ತರ ಆದ. ಫ್ರೆಂಚ್ ಕ್ರಾಂತಿಯ ಗಲಾಟೆಯಲ್ಲಿ 1792ರಲ್ಲಿ ಸಿಕಾರ್‌ನನ್ನು ಹಿಡಿದು ಜೈಲಿಗೆ ಹಾಕಿದಾಗ, ನಮ್ಮ ಗುರುವನ್ನು ಬಿಡಿ ಎಂದು ಶಾಸನಸಭೆಗೆ ಮನವಿ ಹಿಡಿದುಕೊಂಡು ಹೋದವ ಈ ಮಾಸ್ಯೂವೇ. ಕೃತಜ್ಞತೆ ಎಂದರೆ ಹೃದಯದ ನೆನಪು ಎಂಬ ಮಾತನ್ನು ಫ್ರೆಂಚರು ಇವತ್ತಿಗೂ ಗಾದೆಯಂತೆ ಬಳಸುತ್ತಾರೆ. ಅದನ್ನು ಹೇಳಿದವನೂ ಈತನೇ.

ಕ್ಲೇರ್‌ನ ಮೊದಲ ಮಾಸ್ತರ ಈ ಮಾಸ್ಯೂ. ಹಳ್ಳಿಯಲ್ಲಿ ಹಸು ಮೇಯಿಸುತ್ತಿದ್ದ ಹನ್ನೆರಡರ ಹುಡುಗ ತರಗತಿಗೆ ಕಾಲಿಟ್ಟಾಗ ಎದುರಿಗೆ ನಿಂತವರು ತನ್ನಂತೆಯೇ ಕಿವುಡರು, ಇಪ್ಪತ್ತೈದರ ಹರೆಯದವರು, ಲಕ್ಷಣವಾಗಿ ಬಟ್ಟೆ ತೊಟ್ಟು, ಪುಸ್ತಕ ಓದಿ, ಎಲ್ಲರಿಂದ ಮಾನ ಪಡೆದವರು. ನಾನು ಈ ಕಥೆ ಓದುವಾಗ ಪ್ರತಿ ಸಲ ಇಲ್ಲಿ ನಿಲ್ಲುತ್ತೇನೆ. ನಮ್ಮ ಎಷ್ಟೋ ಕಿವುಡ ಮಕ್ಕಳು ಶಾಲೆ ಮುಗಿಸುವವರೆಗೂ ಒಬ್ಬ ಓದಿದ, ನೌಕರಿ ಮಾಡುವ, ಸಂಸಾರ ನಡೆಸುವ ಕಿವುಡ ಮನುಷ್ಯನನ್ನು ಹತ್ತಿರದಿಂದ ನೋಡಿರುವುದಿಲ್ಲ. ದೊಡ್ಡವರಾದಂತೆ ತಮಗೂ ಕಿವಿ ಬರುತ್ತದೆ ಎಂದು ನಂಬಿದ ಮಕ್ಕಳೂ ಇದ್ದಾರೆ. ಯಾಕೆಂದರೆ ಅವರು ಕಂಡ ದೊಡ್ಡವರಿಗೆಲ್ಲ ಕಿವಿ ಕೇಳುತ್ತದಲ್ಲ!

ಆ ಶಾಲೆಯಲ್ಲೂ ಎಲ್ಲವೂ ಬೆಳಕೇ ಇರಲಿಲ್ಲ. ಮಾರ್ಗರೋಂ ಎಂಬ ಪಾದ್ರಿ ಕೆಲವು ಹುಡುಗರಿಗೆ ಬಾಯಿಮಾತು ಕಲಿಸುತ್ತಿದ್ದ. ಕ್ಲೇರ್‌ನನ್ನೂ ಕೂರಿಸಿಕೊಂಡ. ಹುಡುಗನಿಗೆ 'ದ' ಮತ್ತು 'ತ' ಬೇರೆ ಮಾಡಲು ಬರಲಿಲ್ಲ. 'ದ' ಅನ್ನು ಅಂದರೆ 'ತ' ಬರುತ್ತಿತ್ತು. ಎಷ್ಟು ತಿದ್ದಿದರೂ ಅದೇ. ಒಂದು ದಿನ ಸಿಟ್ಟು ನೆತ್ತಿಗೇರಿ ಪಾದ್ರಿ ಗದ್ದದ ಕೆಳಗೆ ಗುದ್ದಿಬಿಟ್ಟ. ಹಲ್ಲಿನ ನಡುವೆ ನಾಲಿಗೆ ಸಿಕ್ಕಿ ಕಚ್ಚಿಹೋಯಿತು. ಹುಡುಗ ಅತ್ತ, ಅಲ್ಲಿಗೆ ಬಾಯಿಮಾತಿನ ಪಾಠ ಬಿಟ್ಟ. ಎಂಬತ್ತಮೂರು ವರ್ಷ ವಯಸ್ಸಿನವರೆಗೆ ಬದುಕಿದ, ಇನ್ನೊಮ್ಮೆ ಮಾತಾಡಲು ಪ್ರಯತ್ನಿಸಲಿಲ್ಲ.

ಈಗ ನಾವೆಲ್ಲ ಒಂದು ಆಟ ಆಡೋಣ. ನಾನು ದನಿ ತೆಗೆಯದೆ ಒಂದು ಮಾತು ಆಡುತ್ತೇನೆ, ನನ್ನ ತುಟಿ ನೋಡಿ ಹೇಳಿ. (ತುಟಿ ಆಡಿಸಿದೆ. ಅರ್ಧ ಜನ "ಮರ" ಎಂದರು, ಕೆಲವರು "ಬರ" ಎಂದರು, ಹಿಂದಿನಿಂದ ಒಬ್ಬರು "ಪರ" ಎಂದರು.) ನಾನು ಹೇಳಿದ್ದು "ಬರ". ನಮ್ಮ ಜಿಲ್ಲೆಯವರಿಗೇ ಗೊತ್ತಾಗಲಿಲ್ಲ ನೋಡಿ! ಪ, ಬ, ಮ ಮೂರಕ್ಕೂ ತುಟಿ ಮುಚ್ಚಿ ತೆರೆಯಬೇಕು. ಗಂಟಲು ಅದುರುತ್ತದೋ ಇಲ್ಲವೋ, ಉಸಿರು ಮೂಗಿನಿಂದ ಹೋಗುತ್ತದೋ ಬಾಯಿಂದಲೋ ಎನ್ನುವುದರಲ್ಲಿ ಭೇದ ಇದೆ, ಅದು ಹೊರಗೆ ಕಾಣದು. ತ, ದ, ನ ಹಾಗೆಯೇ. ಕ, ಗ ಅಂತೂ ಬಾಯೊಳಗೇ ಹುಟ್ಟಿ ಬಾಯೊಳಗೇ ಮುಗಿಯುತ್ತವೆ. ಹಾಗಾಗಿ ಕ್ಲೇರ್ ದಡ್ಡನಾಗಿರಲಿಲ್ಲ. ಕಾಣದ್ದನ್ನು ಕಾಣು ಎಂದು ಹೊಡೆಸಿಕೊಂಡ.

ರಾಯಚೂರಿನಂಥ ಊರಲ್ಲಿ ಇದು ಇನ್ನೂ ಸಿಕ್ಕಾಗುತ್ತದೆ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ತಾಂಡಾದಿಂದ ಬಂದ ಮಗುವಾದರೆ ಲಂಬಾಣಿ. ಅಮ್ಮನ ತುಟಿ ಪಾನೀ ಅನ್ನುತ್ತದೆ, ಟೀಚರ ತುಟಿ ನೀರು ಅನ್ನುತ್ತದೆ, ಮಗ್ಗುಲಮನೆಯವರ ತುಟಿ ನೀಳ್ಳು ಅನ್ನುತ್ತದೆ. ಕೇಳುವ ಮಕ್ಕಳು ಇಲ್ಲಿ ಮೂರೂ ಕಲಿತು ಜಾಣರಾಗುತ್ತಾರೆ. ಕೇಳದ ಮಗು ಯಾವ ತುಟಿ ಹಿಡಿಯಬೇಕು? ನೀರಿಗೆ ಒಂದೇ ಕೈಸನ್ನೆ ಇದ್ದರೆ ಅದು ಮೂರು ಮನೆಯಲ್ಲೂ ನಡೆಯುತ್ತದೆ.

ಕ್ಲೇರ್ ಬಾಯಿಮಾತು ಬಿಟ್ಟ, ಭಾಷೆ ಬಿಡಲಿಲ್ಲ. ಸನ್ನೆಯಲ್ಲಿ ಪಾಠ, ಬರಹದಲ್ಲಿ ಫ್ರೆಂಚ್. 1806ರಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ, ಅದೇ ಶಾಲೆಯಲ್ಲಿ ಸಹಾಯಕ ಶಿಕ್ಷಕನಾದ. ಕ್ರಮೇಣ ಮೇಲಿನ ತರಗತಿ ಆತನ ಪಾಲಿಗೆ ಬಂತು. ಅಲ್ಲಿಗೇ ನಿಂತಿದ್ದರೆ ಪ್ಯಾರಿಸ್ಸಿನ ಒಬ್ಬ ಒಳ್ಳೆ ಮಾಸ್ತರನಾಗಿ ಇತಿಹಾಸದ ಅಡಿಟಿಪ್ಪಣಿಯಲ್ಲಿ ಉಳಿಯುತ್ತಿದ್ದ.

ಈಗ ಅಟ್ಲಾಂಟಿಕ್ ದಾಟೋಣ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಎಂಬ ಊರಲ್ಲಿ ಮೇಸನ್ ಕಾಗ್ಸ್‌ವೆಲ್ ಎಂಬ ಡಾಕ್ಟರ್ ಇದ್ದ. ಅವನ ಮಗಳು ಆಲಿಸ್‌ಗೆ ಎರಡು ವರ್ಷದವಳಿದ್ದಾಗ ಜ್ವರ ಬಂದು ಕಿವಿ ಹೋಗಿತ್ತು. ಪಕ್ಕದ ಮನೆಯ ತರುಣ ಥಾಮಸ್ ಹಾಪ್ಕಿನ್ಸ್ ಗ್ಯಾಲಡೆಟ್, ಯೇಲ್‌ನಲ್ಲಿ ಓದಿದವ, ಪಾದ್ರಿಯಾಗಲು ಹೊರಟವ, ಮೈ ಹುಷಾರಿಲ್ಲದೆ ಊರಿಗೆ ಬಂದಿದ್ದ. 1814ರಲ್ಲಿ ಆತ ಅಂಗಳದಲ್ಲಿ ಆಲಿಸ್‌ಗೆ ತನ್ನ ಟೊಪ್ಪಿಗೆ ತೋರಿಸಿ, ನೆಲದ ಮಣ್ಣಲ್ಲಿ ಕಡ್ಡಿಯಿಂದ ಟೊಪ್ಪಿಗೆಯ ಇಂಗ್ಲಿಷ್ ಅಕ್ಷರ ಮೂರನ್ನು ಬರೆದ. ಆ ಗೀರುಗಳೇ ಈ ಟೊಪ್ಪಿಗೆ ಎಂಬುದು ಹುಡುಗಿಗೆ ಹೊಳೆಯಿತು ಎನ್ನುತ್ತಾರೆ. ಪುಸ್ತಕಗಳಲ್ಲಿ ಎಲ್ಲೆಲ್ಲೂ ಈ ಪ್ರಸಂಗವೇ ಇರುತ್ತದೆ. ಚೆಂದವೇ. ಆದರೆ ಟೊಪ್ಪಿಗೆಯಿಂದ ಮುಂದೆ ಏನು ಕಲಿಸಬೇಕೆಂದು ಗ್ಯಾಲಡೆಟ್‌ಗೆ ಗೊತ್ತಿರಲಿಲ್ಲ, ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರ್ ಮತ್ತು ಊರಿನ ಉಳ್ಳವರು ಕಾಸು ಕೂಡಿಸಿ 1815ರಲ್ಲಿ ಆತನನ್ನು ಯುರೋಪಿಗೆ ಕಳಿಸಿದರು: ಹೋಗು, ಕಲಿತು ಬಾ.

ಬ್ರಿಟನ್ನಿನಲ್ಲಿ ಬ್ರೇಡ್‌ವುಡ್ ಮನೆತನದವರು ಕಿವುಡ ಮಕ್ಕಳಿಗೆ ಮಾತು ಕಲಿಸುವ ಶಾಲೆಗಳನ್ನು ನಡೆಸುತ್ತಿದ್ದರು. ಕಲಿಸುವ ರೀತಿ ಮಾತ್ರ ಗುಟ್ಟು. ನಮ್ಮಲ್ಲಿ ವರ್ಷಗಟ್ಟಲೆ ದುಡಿ, ಆಮೇಲೆ ನೋಡೋಣ ಎಂದರು. ಗ್ಯಾಲಡೆಟ್ ಒಪ್ಪಲಿಲ್ಲ. ಅದೇ ಹೊತ್ತಿಗೆ ಗಡಿಪಾರಾಗಿದ್ದ ನೆಪೋಲಿಯನ್ ಎಲ್ಬಾ ದ್ವೀಪದಿಂದ ಮರಳಿ ಬಂದ ಗಲಾಟೆಗೆ ಹೆದರಿ ಸಿಕಾರ್, ಮಾಸ್ಯೂ, ಕ್ಲೇರ್ ಮೂವರೂ ಲಂಡನ್ನಿಗೆ ಬಂದು ಪ್ರದರ್ಶನ ಕೊಡುತ್ತಿದ್ದರು. ಸಭಿಕರು ಪ್ರಶ್ನೆ ಕೇಳುವುದು, ಸಿಕಾರ್ ಅದನ್ನು ಸನ್ನೆಗೆ ತಿರುಗಿಸುವುದು, ಶಿಷ್ಯರಿಬ್ಬರೂ ಹಲಗೆಯ ಮೇಲೆ ಉತ್ತರ ಬರೆಯುವುದು. ಗ್ಯಾಲಡೆಟ್ ಕ್ಲೇರ್‌ನನ್ನು ಮೊದಲು ನೋಡಿದ್ದು ಅಲ್ಲಿ. ಮುಂದಿನ ವರ್ಷ ಪ್ಯಾರಿಸ್ಸಿಗೆ ಹೋಗಿ ಆತನ ಬಳಿಯೇ ಪಾಠ ಕಲಿತ. ಕೆಲವು ತಿಂಗಳಲ್ಲಿ ಒಂದು ಅರಿವಾಯಿತು: ಈ ವಿದ್ಯೆ ಕಲಿತುಕೊಂಡು ಹೋಗುವಂಥದ್ದಲ್ಲ, ಇದನ್ನು ಬಲ್ಲವನನ್ನೇ ಕರೆದುಕೊಂಡು ಹೋಗಬೇಕು. ಗ್ಯಾಲಡೆಟ್ ದೊಡ್ಡ ಮನುಷ್ಯ ಎಂದು ನಾನು ಒಪ್ಪುವುದು ಟೊಪ್ಪಿಗೆಯ ಕಾರಣಕ್ಕಲ್ಲ, ಈ ತೀರ್ಮಾನಕ್ಕಾಗಿ. ತಾನು ಮಾಸ್ತರನಾಗಲು ಹೊರಟವ ಇನ್ನೊಬ್ಬನನ್ನು ಮಾಸ್ತರನೆಂದು ಒಪ್ಪಿಕೊಂಡ, ಅದೂ ಒಬ್ಬ ಕಿವುಡನನ್ನು.

ಕ್ಲೇರ್‌ಗೆ ಆಗ ಮೂವತ್ತು. ತಾಯಿ ಹೋಗಬೇಡ ಎಂದಳು. ಸಿಕಾರ್‌ಗೂ ಮನಸ್ಸಿರಲಿಲ್ಲ, ಒಳ್ಳೆ ಶಿಕ್ಷಕ ಕೈಬಿಡುತ್ತಾನೆ, ಮೇಲೆ ಕ್ಯಾಥೊಲಿಕ್ ಹುಡುಗ ಪ್ರಾಟೆಸ್ಟೆಂಟರ ದೇಶಕ್ಕೆ ಹೋಗುತ್ತಾನೆ. ಕಡೆಗೆ ಮೂರು ವರ್ಷದ ಕರಾರು ಬರೆದುಕೊಂಡು 1816ರ ಜೂನ್ 18ರಂದು ಇಬ್ಬರೂ ಲ ಹಾವ್ರ್ ಬಂದರಿನಿಂದ ಮೇರಿ ಆಗಸ್ಟಾ ಎಂಬ ಹಡಗು ಹತ್ತಿದರು. 52 ದಿನದ ಪಯಣ. ಗಾಳಿ ನಿಂತರೆ ಹಡಗು ನಿಲ್ಲುವ ಕಾಲ. ಆ ದಿನಗಳಲ್ಲಿ ಕ್ಲೇರ್ ಗ್ಯಾಲಡೆಟ್‌ಗೆ ಸನ್ನೆ ಕಲಿಸಿದ, ಗ್ಯಾಲಡೆಟ್ ಕ್ಲೇರ್‌ಗೆ ಇಂಗ್ಲಿಷ್ ಕಲಿಸಿದ. ಕ್ಲೇರ್ ದಿನಚರಿಯನ್ನು ಇಂಗ್ಲಿಷಿನಲ್ಲೇ ಬರೆಯಲು ಕೂತ, ಗೆಳೆಯ ತಿದ್ದಿಕೊಡುವುದು. ಆಗಸ್ಟ್ 9ಕ್ಕೆ ನ್ಯೂಯಾರ್ಕ್ ಮುಟ್ಟಿದರು. ಫ್ರೆಂಚ್ ಬರಹ ಮಾತ್ರ ಬಲ್ಲವನಾಗಿ ಹತ್ತಿದವ ಇಂಗ್ಲಿಷಿನಲ್ಲಿ ಸಭೆಗೆ ಉತ್ತರ ಬರೆಯುವಷ್ಟಾಗಿ ಇಳಿದ. ಕಿವುಡರಿಗೆ ಎರಡನೇ ಭಾಷೆ ಭಾರ ಎನ್ನುವವರಿಗೆ ನಾನು ಈ ಹಡಗನ್ನು ನೆನಪಿಸುತ್ತೇನೆ. ಗಟ್ಟಿಯಾದ ಒಂದು ಭಾಷೆ ಒಳಗಿದ್ದರೆ ಇನ್ನೊಂದು ಅದರ ಮೇಲೆ ಕೂರುತ್ತದೆ. ಒಳಗೆ ಒಂದೂ ಇಲ್ಲದಿದ್ದರೆ ಎಂಟು ವರ್ಷ ಕಾಪಿ ಬರೆಸಿದರೂ ಅದು ಕೈಬರಹವೇ ಆಗಿ ಉಳಿಯುತ್ತದೆ.

ಇಳಿದ ಕೂಡಲೇ ಶಾಲೆ ಸಿದ್ಧವಿರಲಿಲ್ಲ, ಹಣ ಎತ್ತಬೇಕಿತ್ತು. ಇಬ್ಬರೂ ಬೋಸ್ಟನ್, ಆಲ್ಬನಿ, ನ್ಯೂಯಾರ್ಕ್, ಫಿಲಡೆಲ್ಫಿಯ ಎಂದು ಊರೂರು ತಿರುಗಿದರು. ಗ್ಯಾಲಡೆಟ್ ಮಾತಾಡುತ್ತಿದ್ದ, ಜನ ಪ್ರಶ್ನೆ ಕೇಳಿದರೆ ಕ್ಲೇರ್ ಬರೆದು ಉತ್ತರಿಸುತ್ತಿದ್ದ. ದೇವರು, ಆತ್ಮ, ಸಂಗೀತ ಹೀಗೆಲ್ಲ ಕೇಳುತ್ತಿದ್ದರು. ಕಿವುಡನಿಗೆ ವಿಚಾರ ಮಾಡಲು ಬರುತ್ತದೆಯೇ ಎಂಬ ಅನುಮಾನದಲ್ಲಿ ಬಂದವರು ಜೇಬಿಗೆ ಕೈ ಹಾಕಿ ಹೊರಟರು. ಕನೆಕ್ಟಿಕಟ್ ಶಾಸನಸಭೆ 5,000 ಡಾಲರ್ ಮಂಜೂರು ಮಾಡಿತು. 1817ರ ಏಪ್ರಿಲ್ 15ರಂದು ಹಾರ್ಟ್‌ಫರ್ಡಿನ ಒಂದು ಹೋಟೆಲಿನ ಬಾಡಿಗೆ ಕೋಣೆಗಳಲ್ಲಿ ಶಾಲೆ ಶುರುವಾಯಿತು. ಮೊದಲ ದಿನ ಏಳು ಮಂದಿ, ಮೊದಲ ಹೆಸರು ಆಲಿಸ್‌ಳದು. ಆ ಶಾಲೆ ಇವತ್ತಿಗೂ ನಡೆಯುತ್ತಿದೆ. 1818ರಲ್ಲಿ ಕ್ಲೇರ್ ವಾಷಿಂಗ್ಟನ್ನಿಗೆ ಹೋಗಿ ಸಂಸತ್ತಿನಲ್ಲಿ ಕುಳಿತು ಬಂದ, ಅಧ್ಯಕ್ಷ ಮನ್ರೋ ಅವರನ್ನು ಕಂಡ. ಮರುವರ್ಷ ಸಂಸತ್ತು ಶಾಲೆಗೆ ಸುಮಾರು 23,000 ಎಕರೆ ಜಮೀನು ಕೊಟ್ಟಿತು, ಅದನ್ನು ಮಾರಿ ನಿಧಿ ಮಾಡಿಕೊಂಡರು. ಆ ಜಮೀನಿನ ಮೂಲ ಒಡೆಯರು ಯಾರಾಗಿದ್ದರು ಎಂಬುದು ಇನ್ನೊಂದು ಉಪನ್ಯಾಸಕ್ಕೆ ಆಗುವಷ್ಟು ಇದೆ.

ಮೂರು ವರ್ಷಕ್ಕೆಂದು ಬಂದವ 41 ವರ್ಷ ಪಾಠ ಮಾಡಿದ, 1858ರಲ್ಲಿ ನಿವೃತ್ತನಾದ. ಮಕ್ಕಳಿಗೆ ಪಾಠ, ಅದರ ಜೊತೆಗೆ ಕಿವಿ ಕೇಳುವ ಹೊಸ ಮಾಸ್ತರರಿಗೂ ಸನ್ನೆಯ ಪಾಠ. ಬೇರೆ ಬೇರೆ ರಾಜ್ಯಗಳಲ್ಲಿ ಶಾಲೆ ತೆರೆಯಲು ಹೊರಟವರು ಮೊದಲು ಹಾರ್ಟ್‌ಫರ್ಡಿಗೆ ಬಂದು ಕ್ಲೇರ್ ಮುಂದೆ ಕೂರುತ್ತಿದ್ದರು. ಫಿಲಡೆಲ್ಫಿಯದ ಶಾಲೆ ಕಷ್ಟದಲ್ಲಿದ್ದಾಗ 1821ರಲ್ಲಿ ಹೋಗಿ ಕೆಲವು ತಿಂಗಳು ತಾನೇ ನಡೆಸಿಕೊಟ್ಟು ಬಂದ.

ಹಾರ್ಟ್‌ಫರ್ಡಿಗೆ ಬಂದ ಮಕ್ಕಳು ಬರಿಗೈಯಲ್ಲಿ ಬರಲಿಲ್ಲ. ಮಸಾಚುಸೆಟ್ಸ್ ಕರಾವಳಿಯಲ್ಲಿ ಮಾರ್ಥಾಸ್ ವಿನ್ಯರ್ಡ್ ಎಂಬ ದ್ವೀಪ ಇದೆ. ಕೆಲವೇ ಮನೆತನದವರು ಬಂದು ನೆಲೆಸಿ, ತಮ್ಮತಮ್ಮಲ್ಲೇ ಮದುವೆ ಮಾಡಿಕೊಂಡು ಬಂದ ಜಾಗ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿ 155 ಜನಕ್ಕೆ ಒಬ್ಬರು ಹುಟ್ಟುಗಿವುಡರು, ಚಿಲ್‌ಮಾರ್ಕ್ ಎಂಬ ಊರಲ್ಲಂತೂ 25ಕ್ಕೆ ಒಬ್ಬರು. ಉಳಿದ ಅಮೆರಿಕದಲ್ಲಿ ಅದು ಐದಾರು ಸಾವಿರಕ್ಕೆ ಒಬ್ಬರ ಲೆಕ್ಕ. ಆ ದ್ವೀಪದಲ್ಲಿ ಕಿವಿ ಕೇಳುವವರೂ ಸನ್ನೆ ಮಾಡುತ್ತಿದ್ದರು. ಮೀನುಗಾರರು ದೋಣಿಯಿಂದ ದೋಣಿಗೆ ಕೈಯಲ್ಲೇ ಮಾತಾಡುತ್ತಿದ್ದರು. ಅಲ್ಲಿಯ ಮಕ್ಕಳು ತಂದ ಸನ್ನೆ, ಕ್ಲೇರ್ ತಂದ ಫ್ರೆಂಚ್ ಸನ್ನೆ, ಮತ್ತೆ ಬೇರೆ ಹಳ್ಳಿಗಳ ಮಕ್ಕಳ ಮನೆಸನ್ನೆ ಎಲ್ಲ ಹಾಸ್ಟೆಲಿನಲ್ಲಿ ಕಲೆತು ಇವತ್ತಿನ ಅಮೆರಿಕನ್ ಸನ್ನೆ ಭಾಷೆ ಆಯಿತು. ಇದೇ ಕಾರಣಕ್ಕೆ ಇಂಗ್ಲಿಷ್ ಮಾತಾಡುವ ಅಮೆರಿಕ ಮತ್ತು ಬ್ರಿಟನ್ನಿನ ಕಿವುಡರಿಗೆ ಒಬ್ಬರ ಸನ್ನೆ ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಬೆರಳಕ್ಷರ, ಅಂದರೆ ಒಂದೊಂದು ಅಕ್ಷರವನ್ನೂ ಬೆರಳಲ್ಲಿ ತೋರಿಸುವುದು, ಅಮೆರಿಕದಲ್ಲಿ ಒಂದೇ ಕೈಯದು, ಅದು ಕ್ಲೇರ್ ಜೊತೆ ಪ್ಯಾರಿಸ್ಸಿನಿಂದ ಹೋದದ್ದು. ನಮ್ಮ ಮಕ್ಕಳು ಮಾಡುವುದು ಎರಡು ಕೈಯದು, ಬ್ರಿಟಿಷರ ಕಡೆಯಿಂದ ಬಂದದ್ದು.

ದ್ವೀಪದ ಮಾತು ಬಂದಿದ್ದಕ್ಕೆ ನಮ್ಮ ಮನೆಯ ಮಾತನ್ನೂ ಆಡಿಬಿಡುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಕಡೆ ಸೋದರಮಾವನಿಗೆ ಕೊಡುವುದು, ಅತ್ತೆಮಗನಿಗೆ ಕೊಡುವುದು ಇನ್ನೂ ನಿಂತಿಲ್ಲ. ಹುಟ್ಟುಗಿವುಡಿಗೆ ಕಾರಣವಾಗುವ ಎಷ್ಟೋ ವಂಶವಾಹಿ ದೋಷಗಳು ತಂದೆ, ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಹೊರಬೀಳುತ್ತವೆ. ಒಂದೇ ಬಳ್ಳಿಯಲ್ಲಿ ಮದುವೆಯಾದರೆ ಎರಡೂ ಕಡೆಯಿಂದ ಅದೇ ದೋಷ ಕೂಡುವ ಸಾಧ್ಯತೆ ಹೆಚ್ಚು. ಆಗಿಹೋದ ಮದುವೆಗೆ ಯಾರನ್ನೂ ದೂರುವುದರಲ್ಲಿ ಅರ್ಥವಿಲ್ಲ. ಅದರಲ್ಲೂ ಸೊಸೆಯ ಮೇಲೆ ಹೊರಿಸುವುದನ್ನು ಮೊದಲು ನಿಲ್ಲಿಸಿ, ದೋಷ ಎರಡೂ ಕಡೆಯದು ಎಂದು ಈಗಷ್ಟೇ ಹೇಳಿದೆ. ಮುಂದಿನ ಮದುವೆ ಮಾತಿಗೆ ಕೂತಾಗ ಮಾತ್ರ ಇದು ನೆನಪಿರಲಿ.

ಕ್ಲೇರ್‌ನ ಸಂಸಾರದ ಕಥೆಯೂ ಇಲ್ಲೇ ಬರಬೇಕು. ತನ್ನ ಶಾಲೆಯಲ್ಲಿ ಕಲಿತ ಎಲೈಜಾ ಬೋರ್ಡ್‌ಮನ್ ಎಂಬ ಕಿವುಡ ಹೆಣ್ಣುಮಗಳನ್ನು ಮೆಚ್ಚಿದ. ಇಬ್ಬರು ಕಿವುಡರು ಮದುವೆಯಾಗುವುದು ತರವಲ್ಲ ಎಂದು ಗ್ಯಾಲಡೆಟ್ ಬುದ್ಧಿ ಹೇಳಿದ. ಕ್ಲೇರ್ ಕೇಳಲಿಲ್ಲ, 1819ರ ಮೇ 3ರಂದು ಮದುವೆಯಾದ. ಹುಟ್ಟಿದ ಮಕ್ಕಳಿಗೆಲ್ಲ ಕಿವಿ ಕೇಳುತ್ತಿತ್ತು. ತಮಾಷೆಯೆಂದರೆ ಎರಡೂವರೆ ವರ್ಷ ಕಳೆಯುವುದರೊಳಗೆ ಗ್ಯಾಲಡೆಟ್ ತಾನೇ ಅದೇ ಶಾಲೆಯ ಸೋಫಿಯಾ ಫೌಲರ್ ಎಂಬ ಕಿವುಡ ವಿದ್ಯಾರ್ಥಿನಿಯನ್ನು ಮದುವೆಯಾದ!

ಅವರ ಮಗ ಎಡ್ವರ್ಡ್ ಮೈನರ್ ಗ್ಯಾಲಡೆಟ್ ವಾಷಿಂಗ್ಟನ್ನಿನಲ್ಲಿ ಕಿವುಡರ ಕಾಲೇಜು ಕಟ್ಟಿದ. 1864ರಲ್ಲಿ ಅಬ್ರಹಾಂ ಲಿಂಕನ್ ಅದಕ್ಕೆ ಪದವಿ ಕೊಡುವ ಅಧಿಕಾರಕ್ಕೆ ಸಹಿ ಹಾಕಿದರು. ಉದ್ಘಾಟನೆಗೆ ಎಪ್ಪತ್ತೆಂಟರ ಕ್ಲೇರ್ ಬಂದು ಭಾಷಣ ಮಾಡಿದ. ಅದೇ ಇಂದಿನ ಗ್ಯಾಲಡೆಟ್ ವಿಶ್ವವಿದ್ಯಾಲಯ. ಕರೆತಂದವನ ಹೆಸರು ವಿಶ್ವವಿದ್ಯಾಲಯಕ್ಕೆ ಬಂತು. ಕಲಿಸಿದವನ ಹೆಸರು ಕೆನ್ನೆಯ ಮೇಲಿನ ಎರಡು ಬೆರಳಲ್ಲಿ ಉಳಿಯಿತು. ನನಗೆ ಇದರ ಬಗ್ಗೆ ಸಣ್ಣ ತಕರಾರು ಇದೆ, ಹೇಳಿಬಿಟ್ಟೆ. ಅದೇ ವಿಶ್ವವಿದ್ಯಾಲಯಕ್ಕೆ ಒಬ್ಬ ಕಿವುಡ ಅಧ್ಯಕ್ಷ ಬರಲು 1988ರವರೆಗೆ ಕಾಯಬೇಕಾಯಿತು, ಅದೂ ವಿದ್ಯಾರ್ಥಿಗಳು ಗೇಟು ಮುಚ್ಚಿ ಮುಷ್ಕರ ಹೂಡಿದ ಮೇಲೆ.

ಕ್ಲೇರ್ 1869ರ ಜುಲೈ 18ರಂದು ತೀರಿಕೊಂಡ. ಹನ್ನೊಂದು ವರ್ಷದ ನಂತರ, 1880ರಲ್ಲಿ, ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಣದ ಬಗ್ಗೆ ಒಂದು ಸಮ್ಮೇಳನ ನಡೆಯಿತು. 164 ಪ್ರತಿನಿಧಿಗಳು, ಅವರಲ್ಲಿ ಕಿವುಡರು ಒಬ್ಬರೇ ಒಬ್ಬರು. ಸನ್ನೆಗಿಂತ ಬಾಯಿಮಾತೇ ಮೇಲು, ಶಾಲೆಯಲ್ಲಿ ಶುದ್ಧ ಮಾತಿನ ಪದ್ಧತಿಯೇ ಇರಲಿ ಎಂದು ಠರಾವು ಪಾಸಾಯಿತು. ವಿರೋಧಿಸಿದವರು ಬೆರಳೆಣಿಕೆ. ಅದರ ಹೊಡೆತ ಮೊದಲು ಬಿದ್ದದ್ದು ಕಿವುಡ ಮಾಸ್ತರರ ಮೇಲೆ. ಮಾತು ಕಲಿಸುವುದೇ ಶಿಕ್ಷಣವಾದರೆ ಮಾತಾಡದವನಿಗೆ ಶಾಲೆಯಲ್ಲಿ ಏನು ಕೆಲಸ? ಒಬ್ಬೊಬ್ಬರಾಗಿ ಮನೆಗೆ ಹೋದರು. ಮಕ್ಕಳ ಕೈ ಕಟ್ಟಿಸಿ ಕೂರಿಸುವ ತರಗತಿಗಳು ಬಂದವು. ಗದ್ದಕ್ಕೆ ಗುದ್ದಿದ ಆ ಪಾದ್ರಿಯೇ ಗೆದ್ದಂತಾಯಿತು. ಸನ್ನೆಗೂ ತನ್ನದೇ ವ್ಯಾಕರಣ ಇದೆ, ಅದು ಪೂರ್ಣ ಭಾಷೆ ಎಂದು ವಿದ್ವಾಂಸರು ಒಪ್ಪತೊಡಗಿದ್ದು 1960ರಲ್ಲಿ ಅಮೆರಿಕದ ಪ್ರಾಧ್ಯಾಪಕ ವಿಲಿಯಂ ಸ್ಟೋಕೋ ಬರೆದು ತೋರಿಸಿದ ಮೇಲೆ. ಮಿಲಾನ್ ಠರಾವಿಗೆ ವಿಷಾದ ಹೇಳಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್ ಸಮ್ಮೇಳನದಲ್ಲಿ. ನೂರಾ ಮೂವತ್ತು ವರ್ಷ, ಸ್ವಾಮಿ.

ನಮ್ಮ ದೇಶಕ್ಕೆ ಕಿವುಡರ ಶಾಲೆ ಬಂದದ್ದೇ ಆ ಗಾಳಿ ಬೀಸುತ್ತಿದ್ದ ಹೊತ್ತಿನಲ್ಲಿ. ಮುಂಬೈಯಲ್ಲಿ 1880ರ ದಶಕ, ಕಲ್ಕತ್ತೆಯಲ್ಲಿ 1893. ಹಾಗಾಗಿ ನಮ್ಮ ತರಗತಿಗಳಲ್ಲಿ ಬಹುಕಾಲ ಕನ್ನಡಿ ಮುಂದೆ ತುಟಿ ತಿದ್ದುವುದೇ ಪಾಠವಾಗಿತ್ತು. ಮಕ್ಕಳು ಸನ್ನೆ ಕಲಿತದ್ದು ಹಾಸ್ಟೆಲಿನಲ್ಲಿ, ಊಟದ ಸಾಲಿನಲ್ಲಿ, ದೀಪ ಆರಿಸುವ ಮೊದಲು, ಹಿರಿಯ ಹುಡುಗರಿಂದ. ಈಗ ಕಾಲ ಸ್ವಲ್ಪ ತಿರುಗಿದೆ. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರ ಆಯಿತು. 2018ರಲ್ಲಿ 3,000 ಪದಗಳ ವಿಡಿಯೊ ನಿಘಂಟು ತಂದರು, 2021ಕ್ಕೆ ಅದು 10,000 ಪದ ಮುಟ್ಟಿತು. ಮೊಬೈಲಿನಲ್ಲೇ ನೋಡಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಸನ್ನೆ ಭಾಷೆಯ ಮಾತಿದೆ. ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. ಕಿವುಡ ಮಕ್ಕಳ ಮುಂದೆ ನಿಂತ ಕಿವುಡ ಮಾಸ್ತರ ಎಲ್ಲಿ ಎಂದು ಕೇಳಿದರೆ ಮಾತ್ರ ಕಾಗದ ಸುಮ್ಮನಾಗುತ್ತದೆ. ಹಾರ್ಟ್‌ಫರ್ಡಿನಲ್ಲಿ 1817ರಲ್ಲೇ ಆದ ಕೆಲಸ ಅದು.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು, ಎರಡನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಮಾನ್ವಿ ಕಡೆಯ ತಾಯಿಯೊಬ್ಬರು ಕಂಕುಳಲ್ಲಿ ಕೂಸು ಎತ್ತಿಕೊಂಡೇ ಎದ್ದು ನಿಂತು, "ಮಾತು ಕಲಸ್ಬೇಕೋ ಕೈಸನ್ನಿ ಕಲಸ್ಬೇಕೋ ಒಂದು ಹೇಳ್ರಿ. ಸನ್ನಿ ಕಲಸಿದ್ರ ಮಾತು ಬರಂಗಿಲ್ಲ ಅಂತಾರ" ಎಂದರು. ಒಂದನ್ನೇ ಆರಿಸಬೇಕಾಗಿಲ್ಲ ತಾಯಿ ಎಂದೆ. ಮೊದಲು ಜಿಲ್ಲಾಸ್ಪತ್ರೆಯ ಕಿವಿ ವಿಭಾಗದಲ್ಲಿ ಪರೀಕ್ಷೆ ಆಗಲಿ. ಹುಟ್ಟಿದ ಒಂದು ತಿಂಗಳೊಳಗೆ ಕಿವಿ ತಪಾಸಣೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ ಶುರು ಎಂಬುದು ವೈದ್ಯರ ಲೆಕ್ಕ. ನಮ್ಮಲ್ಲಿ "ಅವರಪ್ಪಗೂ ಮಾತು ತಡಾನ ಬಂದಿತ್ತು" ಎಂದು ಮೂರು ವರ್ಷ ಕಳೆದುಬಿಡುತ್ತೇವೆ. ಮಷಿನ್‌ನಿಂದ ಕೇಳುವಂತಿದ್ದರೆ ಹಾಕಿಸಿ. ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ಯಂತ್ರ) ಆಗುವಂತಿದ್ದರೆ ಸರಕಾರದ ಯೋಜನೆ ಇದೆ, ಕೂಸಿಗೆ ಐದು ವರ್ಷ ತುಂಬುವುದರೊಳಗೆ ಅರ್ಜಿ ಹಾಕಿ, ಆಪರೇಷನ್ ಆದ ಮೇಲೆ ಸ್ಪೀಚ್ ಥೆರಪಿ ತಪ್ಪಿಸಬೇಡಿ. ಇದೆಲ್ಲ ಆಗುವವರೆಗೆ ಕೂಸು ಭಾಷೆ ಇಲ್ಲದೆ ಕೂರಬೇಕೇ? ಇವತ್ತು ರಾತ್ರಿಯಿಂದಲೇ ಊಟ, ನೀರು, ಅಜ್ಜಿ, ನಿದ್ದೆ, ಸಾಕು ಎಂಬುದಕ್ಕೆಲ್ಲ ಸನ್ನೆ ಮಾಡಿ ಮಾತಾಡಿ. ಸನ್ನೆಯಿಂದ ಮಾತು ಕೆಡುವುದಿಲ್ಲ. ಆಕೆ ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ಮನೆಯಲ್ಲಿ ಅತ್ತೆ ಏನನ್ನುತ್ತಾರೋ ಎಂಬ ಚಿಂತೆಯೂ ಇದ್ದಿರಬೇಕು.

ಎರಡನೆಯದು ಮುಂದಿನ ಸಾಲಿನ ಹುಡುಗನದು. ಪಿಯುಸಿ ಮುಗಿಸಿದ್ದಾನೆ, ಕಂಪ್ಯೂಟರ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತಾನೆ. ಕೈಯಲ್ಲಿ ಕೇಳಿದ, ದುಭಾಷಿ ನಮಗೆ ಹೇಳಿದರು: ಕಿವುಡರು ಮಾಸ್ತರ ಆಗಬೇಕೆಂದರೆ ಎಲ್ಲಿ ಕಲಿಯಬೇಕು? ದೆಹಲಿಯ ಆ ಕೇಂದ್ರದಲ್ಲೇ ಭಾರತೀಯ ಸನ್ನೆ ಭಾಷೆ ಕಲಿಸುವ ಡಿಪ್ಲೊಮಾ ಇದೆ, ಅದು ಇರುವುದೇ ಕಿವುಡ ಅಭ್ಯರ್ಥಿಗಳಿಗೆ ಎಂದೆ. ಆತ ಕೂಡಲೇ ಮುಂದಿನದಕ್ಕೆ ಬಂದ: ಹಾಸ್ಟೆಲ್ ಇದೆಯಾ, ಅರ್ಜಿ ಯಾವಾಗ ಬಿಡುತ್ತಾರೆ, ಅಪ್ಪ ಕಳಿಸಲ್ಲ ಅಂದರೆ ಏನು ಮಾಡೋದು. ಅಂಕಪಟ್ಟಿ, ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ) ತಗೊಂಡು ಬಾ, ಕೂತು ಅರ್ಜಿ ನೋಡೋಣ ಎಂದೆ. ಅಪ್ಪನನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ.